ಬಿತ್ತನೆಗೆ ಮೊದಲೇ ಆಮದು ನೀತಿ ತಿಳಿಯಲಿ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕವು 2025ರ ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲೆ ಶೇ 50ರಷ್ಟು ಸುಂಕ ಹೇರಿದ ಮೇಲೆ, ಜಾಗತೀಕರಣದ ಕಾಲ ಮುಗಿಯಿತೇ, ನಾವು ಬಾಗಿಲು ಹಾಕಿಕೊಳ್ಳಬೇಕೇ ಅಥವಾ ಇನ್ನಷ್ಟು ತೆರೆಯಬೇಕೇ ಎಂಬ ಚರ್ಚೆ ಪತ್ರಿಕೆಗಳಲ್ಲಿ ಬಿಡುವಿಲ್ಲದೆ ನಡೆದಿದೆ. ಈ ಚರ್ಚೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್, ತಿರುಪ್ಪೂರಿನ ಸಿದ್ಧ ಉಡುಪು, ಸೂರತ್ತಿನ ವಜ್ರ ಎಲ್ಲವೂ ಬರುತ್ತವೆ. ಕಲಬುರಗಿಯ ತೊಗರಿ ಮಾತ್ರ ಬರುವುದಿಲ್ಲ. ಮೂವತ್ತು ವರ್ಷ ಇಲ್ಲಿನ ಪದವಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾಗಿರುವ, ಆಳಂದ ತಾಲ್ಲೂಕಿನ ಊರಿನಲ್ಲಿ ಅಣ್ಣನ ಜೊತೆ ಪಾಲಿನ ಹೊಲವನ್ನೂ ಉಳಿಸಿಕೊಂಡಿರುವ ನನಗೆ, ಎಲ್ಲವನ್ನೂ ಮಾರುಕಟ್ಟೆಗೆ ಬಿಡಬೇಕೆನ್ನುವ ನವ ಉದಾರವಾದಿ ಜಗತ್ತಿಗೆ ಒಂದು ದೇಶ ಹೇಗೆ ಹೊಂದಿಕೊಳ್ಳುತ್ತಿದೆ ಎಂಬುದನ್ನು ತಿಳಿಯಲು ಷೇರುಪೇಟೆಗಿಂತ ನಮ್ಮ ಗಂಜ್ (ಕೃಷಿ ಮಾರುಕಟ್ಟೆ) ಒಳ್ಳೆಯ ಜಾಗ ಎನಿಸಿದೆ. ಪತ್ರ ಉದ್ದವಾಗುತ್ತದೆ, ಮನ್ನಿಸಬೇಕು.

ತೊಗರಿಯ ಲೆಕ್ಕದಿಂದಲೇ ಆರಂಭಿಸುತ್ತೇನೆ. 2015ರ ದಸರೆಯ ಆಸುಪಾಸಿನಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ಓದುಗರಿಗೆ ನೆನಪಿರಬಹುದು. ಆಗ ಎದ್ದ ಗದ್ದಲಕ್ಕೆ ಉತ್ತರವಾಗಿ ಕೇಂದ್ರ ಸರ್ಕಾರ 2016ರ ಜುಲೈನಲ್ಲಿ ಮೊಜಾಂಬಿಕ್ ದೇಶದೊಂದಿಗೆ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ 1 ಲಕ್ಷ ಟನ್‌ನಿಂದ ಆರಂಭಿಸಿ, 2020-21ರ ಹೊತ್ತಿಗೆ 2 ಲಕ್ಷ ಟನ್‌ವರೆಗೆ ತೊಗರಿ ಮತ್ತಿತರ ಕಾಳು ತರಿಸಿಕೊಳ್ಳುವುದು ಅದರ ತಿರುಳು. ಅದೇ ಮುಂಗಾರಿನಲ್ಲಿ ನಮ್ಮ ರೈತರೂ ಹಿಂದಿನ ವರ್ಷದ ಬೆಲೆ ಕಂಡು, ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಎಂದು ಸಾರಿದ್ದ ಬೆಂಬಲ ಬೆಲೆಯನ್ನೂ ನಂಬಿ, ಬೇರೆ ಬೆಳೆ ಬಿಟ್ಟು ತೊಗರಿ ಬಿತ್ತಿದರು. ಮಳೆಯೂ ಕೈಕೊಡಲಿಲ್ಲ. ಹಿಂದಿನ ವರ್ಷ ಸುಮಾರು 25 ಲಕ್ಷ ಟನ್ ಇದ್ದ ದೇಶದ ತೊಗರಿ ಉತ್ಪಾದನೆ 48 ಲಕ್ಷ ಟನ್ ದಾಟಿತು. ಆಮದಿನ ಬಾಗಿಲು ಸುಂಕವಿಲ್ಲದೆ ತೆರೆದಿತ್ತು. ಬೇಳೆಕಾಳು ರಫ್ತಿನ ಬಾಗಿಲು 2006ರಿಂದ ಮುಚ್ಚಿಯೇ ಇತ್ತು. ಹೊರಗಿನ ಮಾಲು ಒಳಗೆ ಬರಬಹುದು, ಒಳಗಿನ ಮಾಲು ಹೊರಗೆ ಹೋಗುವಂತಿಲ್ಲ ಎಂಬ ಸ್ಥಿತಿಯಲ್ಲಿ ಬೆಲೆ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಕುಸಿಯಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರ್‌ಗಳ ಸಾಲು ರಸ್ತೆಗೆ ಬಂದು ನಿಂತದ್ದನ್ನು, ಗೋಣಿಚೀಲ ಇಲ್ಲವೆಂದು ತೂಕ ನಿಂತದ್ದನ್ನು ನಾನೇ ನೋಡಿದ್ದೇನೆ.

ಬಳಿಕ ಸರ್ಕಾರ ಎಚ್ಚೆತ್ತಿತು. 2017ರ ಮಾರ್ಚ್ ಕೊನೆಯ ವಾರ ಶೇ 10ರ ಆಮದು ಸುಂಕ ಬಂತು, ಆಗಸ್ಟ್‌ನಲ್ಲಿ ವರ್ಷಕ್ಕೆ 2 ಲಕ್ಷ ಟನ್ ಎಂಬ ಆಮದು ಮಿತಿ ಬಂತು, ಸೆಪ್ಟೆಂಬರ್‌ನಲ್ಲಿ ತೊಗರಿಯ ರಫ್ತಿಗೆ ಅನುಮತಿ ಸಿಕ್ಕಿತು. ಮೂರೂ ಒಳ್ಳೆಯ ಆದೇಶಗಳೇ. ಆದರೆ ನಮ್ಮಲ್ಲಿ ತೊಗರಿಯ ರಾಶಿ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿಯುತ್ತದೆ, ಮತ್ತು ಸಾಲ ಇರುವವನು ರಾಶಿ ಮಾಡಿದ ವಾರದಲ್ಲೇ ಮಾಲನ್ನು ಅಡತ್ (ದಲ್ಲಾಳಿ) ಅಂಗಡಿಗೆ ಹಾಕುತ್ತಾನೆ. ಆದೇಶಗಳು ಹೊರಡುವ ಹೊತ್ತಿಗೆ ತೊಗರಿ ರೈತನ ಕೈಯಲ್ಲಿರಲಿಲ್ಲ. ಅದನ್ನು ಕೊಂಡು ಗೋದಾಮಿನಲ್ಲಿಟ್ಟವರ ಕೈಯಲ್ಲಿತ್ತು.

ನಂತರದ ಕಥೆಯೂ ಇದೇ ಜಾಡಿನದು. 2021ರ ಮೇ 15ರಂದು, ಅಂದರೆ ಮುಂಗಾರು ಬಿತ್ತನೆಗೆ ಮೂರು-ನಾಲ್ಕು ವಾರ ಮೊದಲು, ತೊಗರಿಯ ಆಮದನ್ನು ‘ನಿರ್ಬಂಧಿತ’ ಪಟ್ಟಿಯಿಂದ ‘ಮುಕ್ತ’ ಪಟ್ಟಿಗೆ ಹಾಕಲಾಯಿತು. 2022ರಲ್ಲಿ ನೆಟೆ ರೋಗ ನಮ್ಮ ಜಿಲ್ಲೆಯ ಹೊಲಗಳನ್ನು ನಿಂತ ಹಾಗೆಯೇ ಒಣಗಿಸಿತು. ಬೆಳೆ ಕಡಿಮೆಯಾಗಿ ಬೆಲೆ ಏರತೊಡಗಿದ್ದೇ ತಡ, 2023ರ ಮಾರ್ಚ್‌ನಲ್ಲಿ ಇದ್ದ ಶೇ 10ರ ಸುಂಕವನ್ನೂ ತೆಗೆದು, ಜೂನ್‌ನಲ್ಲಿ ವ್ಯಾಪಾರಿಗಳ ದಾಸ್ತಾನಿಗೆ ಮಿತಿ ಹಾಕಲಾಯಿತು. 2024-25ರಲ್ಲಿ ಆಮದು 12 ಲಕ್ಷ ಟನ್ ದಾಟಿತು. ಆ ವರ್ಷದ ರಾಶಿ ಗಂಜ್‌ಗೆ ಬರುವಾಗ ಧಾರಣೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು, ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಬೇಕಾಯಿತು. 2025ರ ಕೇಂದ್ರ ಬಜೆಟ್‌ನಲ್ಲಿ ತೊಗರಿ, ಉದ್ದು, ಚನ್ನಂಗಿಗಳಲ್ಲಿ ಸ್ವಾವಲಂಬನೆ ಸಾಧಿಸಲು ಆರು ವರ್ಷಗಳ ಅಭಿಯಾನ ಘೋಷಣೆಯಾಯಿತು. ಅದೇ ಹೊತ್ತಿನ ಇನ್ನೊಂದು ಅಧಿಸೂಚನೆ ತೊಗರಿಯ ಸುಂಕರಹಿತ ಆಮದನ್ನು 2026ರ ಮಾರ್ಚ್ 31ರವರೆಗೆ ಮುಂದುವರಿಸಿತು. ಒಂದೇ ಸರ್ಕಾರದ ಎರಡು ಇಲಾಖೆಗಳು ಒಂದೇ ಕಾಳಿನ ಬಗ್ಗೆ ಹೊರಡಿಸಿದ ಎರಡು ಕಾಗದಗಳಿವು.

ನಮ್ಮ ಊರಿನ ಕಟ್ಟೆಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು, “ಮಾಸ್ತರ, ಮಳಿ ಬರ್ತದೋ ಇಲ್ಲೋ ಅಂತ ಮುಗಿಲು ನೋಡಿ ಅಂದಾಜ ಮಾಡ್ತೀವಿ. ದಿಲ್ಲಿದು ಹ್ಯಾಂಗ ಅಂದಾಜ ಮಾಡೂದರಿ?” ಎಂದು ಕೇಳಿದರು. ಮೂವತ್ತು ವರ್ಷ ಪಾಠ ಹೇಳಿದವನ ಬಳಿ ಉತ್ತರ ಇರಲಿಲ್ಲ.

ಇದನ್ನು ನವ ಉದಾರವಾದ ಎಂದು ಕರೆದು ಬೈದುಬಿಡುವುದು ಸುಲಭ. ಆದರೆ ಆ ಸಿದ್ಧಾಂತವನ್ನು ಅದರ ಪ್ರತಿಪಾದಕರೇ ಹೇಳಿದ ರೀತಿಯಲ್ಲಿ ನೋಡಿದರೆ ಇದು ಅದೂ ಅಲ್ಲ. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ 1979ರಲ್ಲಿ, ಅಮೆರಿಕದಲ್ಲಿ ರೊನಾಲ್ಡ್ ರೇಗನ್ 1981ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಬಲ ಪಡೆದ ಈ ವಿಚಾರವನ್ನು, ಅರ್ಥಶಾಸ್ತ್ರಜ್ಞ ಜಾನ್ ವಿಲಿಯಮ್ಸನ್ 1989ರಲ್ಲಿ ಲ್ಯಾಟಿನ್ ಅಮೆರಿಕದ ಸಂದರ್ಭದಲ್ಲಿ ಹತ್ತು ಅಂಶಗಳಾಗಿ ಬರೆದು ‘ವಾಷಿಂಗ್ಟನ್ ಒಮ್ಮತ’ ಎಂದು ಹೆಸರಿಟ್ಟರು. ಸರ್ಕಾರದ ಖರ್ಚಿಗೆ ಕಡಿವಾಣ, ವ್ಯಾಪಾರಕ್ಕೆ ಮುಕ್ತ ದಾರಿ, ವಿದೇಶಿ ಬಂಡವಾಳಕ್ಕೆ ಸ್ವಾಗತ, ಸಾರ್ವಜನಿಕ ಉದ್ದಿಮೆಗಳ ಖಾಸಗೀಕರಣ, ನಿಯಂತ್ರಣಗಳ ಸಡಿಲಿಕೆ ಎಂಬವು ಅವುಗಳಲ್ಲಿ ಮುಖ್ಯ. ಆ ಶಾಸ್ತ್ರದ ಪ್ರಕಾರ ರೈತನಿಗೆ ಬೆಲೆ ಇಳಿದಾಗ ರಕ್ಷಣೆ ಇಲ್ಲ, ನಿಜ. ಆದರೆ ಬೆಲೆ ಏರಿದಾಗ ರಫ್ತು ನಿಷೇಧವೂ ಇರಬಾರದು, ದಾಸ್ತಾನು ಮಿತಿಯೂ ಇರಬಾರದು. ನಮ್ಮ ತೊಗರಿ ರೈತನಿಗೆ ಸಿಕ್ಕಿರುವುದು ಇಳಿಯುವಾಗ ಮಾರುಕಟ್ಟೆ, ಏರುವಾಗ ಸರ್ಕಾರ.

ಈ ಆಟದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂಬುದನ್ನೂ ನೋಡಬೇಕು. ಮೊಜಾಂಬಿಕ್‌ನ ನಕಾಲಾ ಬಂದರಿನಿಂದ ಹಡಗು ಹತ್ತುವ ತೊಗರಿಯನ್ನು ಬೆಳೆಯುವವರು ನಮ್ಮಂತೆಯೇ ಮಳೆ ನಂಬಿದ ಸಣ್ಣ ಹಿಡುವಳಿದಾರರು. ಪಕ್ಕದ ಮಲಾವಿಯಲ್ಲೂ ಅಷ್ಟೇ. ಅವರು ತೊಗರಿಯನ್ನು ನಮ್ಮಷ್ಟು ತಿನ್ನುವುದಿಲ್ಲ, ಹೆಚ್ಚಾಗಿ ಭಾರತವನ್ನೇ ನೆಚ್ಚಿ ಬೆಳೆಯುತ್ತಾರೆ. 2017ರ ಆಗಸ್ಟ್‌ನಲ್ಲಿ ದಿಲ್ಲಿ ಆಮದು ಮಿತಿ ಹಾಕಿದಾಗ ಅಲ್ಲಿ ಕಟಾವು ನಡೆದಿತ್ತು, ಬೆಲೆ ನೆಲ ಕಚ್ಚಿತು. ಆರು ತಿಂಗಳ ಅಂತರದಲ್ಲಿ ಒಂದೇ ಕಾಳು ಮೊದಲು ಕಲಬುರಗಿಯ ರೈತನನ್ನು, ಆಮೇಲೆ ಮಲಾವಿಯ ರೈತನನ್ನು ಮುಳುಗಿಸಿತು. ಆಫ್ರಿಕಾದ ತೊಗರಿ ನಮ್ಮ ಹೊಟ್ಟೆಯ ಮೇಲೆ ಹೊಡೆಯಿತು ಎಂದು ಭಾಷಣ ಮಾಡುವವರು ಈ ಅರ್ಧವನ್ನೂ ಹೇಳಬೇಕು.

ಮೊಜಾಂಬಿಕ್‌ನ ಹಳೆಯ ಅನುಭವವೊಂದು ನಮ್ಮ ದಾಲ್ ಮಿಲ್‌ಗಳವರಿಗೆ ತಿಳಿದಿರುವುದು ಒಳ್ಳೆಯದು. ಒಂದು ಕಾಲಕ್ಕೆ ಆ ದೇಶ ಗೋಡಂಬಿಗೆ ಹೆಸರಾಗಿತ್ತು, ಬೀಜ ಒಡೆದು ತಿರುಳು ತೆಗೆಯುವ ಕಾರ್ಖಾನೆಗಳು ಅಲ್ಲೇ ಇದ್ದವು. 1990ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲದ ಷರತ್ತಾಗಿ, ಒಡೆಯದ ಹಸಿ ಬೀಜದ ರಫ್ತಿನ ಮೇಲಿದ್ದ ತೆರಿಗೆಯನ್ನು ಇಳಿಸಬೇಕಾಯಿತು. ತೆರಿಗೆ ಇಳಿದರೆ ರೈತನಿಗೆ ಹೆಚ್ಚು ಬೆಲೆ ಸಿಗುತ್ತದೆ ಎಂಬುದು ವಾದವಾಗಿತ್ತು; ರೈತನಿಗೆ ಸಿಕ್ಕಿದ್ದು ಅಲ್ಪ, ನಡುವಿನ ವ್ಯಾಪಾರಿಗಳಿಗೆ ಸಿಕ್ಕಿದ್ದು ಹೆಚ್ಚು, ಮತ್ತು ಹಸಿ ಬೀಜ ಹಡಗು ಹತ್ತಿದ್ದರಿಂದ ಕಾರ್ಖಾನೆಗಳು ಮುಚ್ಚಿ ಸಾವಿರಾರು ಜನ, ಅವರಲ್ಲಿ ಬಹಳಷ್ಟು ಮಹಿಳೆಯರು, ಕೆಲಸ ಕಳೆದುಕೊಂಡರು. ಆ ಬೀಜ ಬಂದು ಒಡೆಯುತ್ತಿದ್ದದ್ದು ನಮ್ಮ ದೇಶದ ಕಾರ್ಖಾನೆಗಳಲ್ಲಿ. ಕೆಲವು ವರ್ಷಗಳ ಮೇಲೆ ಮೊಜಾಂಬಿಕ್ ಆ ತೆರಿಗೆಯನ್ನು ಮತ್ತೆ ಏರಿಸಿತು. ಮಲಾವಿಯದು ಇನ್ನೂ ನೇರವಾದ ಉದಾಹರಣೆ: 2002ರಲ್ಲಿ ಕ್ಷಾಮ ಕಂಡ ಆ ದೇಶ, ದಾನಿ ರಾಷ್ಟ್ರಗಳ ಅಸಮಾಧಾನವನ್ನು ಲೆಕ್ಕಿಸದೆ 2005ರಲ್ಲಿ ರೈತರಿಗೆ ರಸಗೊಬ್ಬರ ಮತ್ತು ಬೀಜದ ಸಹಾಯಧನವನ್ನು ದೊಡ್ಡ ಪ್ರಮಾಣದಲ್ಲಿ ಮರಳಿ ತಂದಿತು, ಮತ್ತು ಮಳೆಯೂ ಜೊತೆಗೂಡಿದ್ದರಿಂದ ಎರಡು ವರ್ಷಗಳಲ್ಲಿ ಮೆಕ್ಕೆಜೋಳ ಹೊರಗೆ ಕಳುಹಿಸುವ ಹಂತಕ್ಕೆ ಬಂತು. ಆ ಸಹಾಯಧನ ಮುಂದೆ ಬೊಕ್ಕಸಕ್ಕೆ ಭಾರವಾಯಿತು ಎಂಬುದೂ ಸತ್ಯ.

ಬಡ ದೇಶಗಳ ಮಾತು ಬಿಡಿ, ಗೆದ್ದವರನ್ನು ನೋಡಿ ಎನ್ನುವವರಿದ್ದಾರೆ. ನೋಡೋಣ. ದಕ್ಷಿಣ ಕೊರಿಯಾ ಉಕ್ಕಿನ ಕಾರ್ಖಾನೆ ಕಟ್ಟಹೊರಟಾಗ ಅದು ಲಾಭದಾಯಕವಾಗದು ಎಂದು 1960ರ ದಶಕದ ಕೊನೆಯಲ್ಲಿ ವಿಶ್ವಬ್ಯಾಂಕ್ ಕೈಚೆಲ್ಲಿತು. ಜಪಾನ್ ಪರಿಹಾರವಾಗಿ ಕೊಟ್ಟ ಹಣದಲ್ಲಿ ಸರ್ಕಾರ ಅದನ್ನು ಕಟ್ಟಿತು; ಇಂದು ಪೋಸ್ಕೋ ಜಗತ್ತಿನ ದೊಡ್ಡ ಉಕ್ಕು ಕಂಪನಿಗಳಲ್ಲಿ ಒಂದು. ಕೊರಿಯಾ ತನ್ನ ಕೈಗಾರಿಕೆಗಳಿಗೆ ರಕ್ಷಣೆ ಕೊಟ್ಟಿತು, ಆದರೆ ಪುಕ್ಕಟೆ ಕೊಡಲಿಲ್ಲ, ರಫ್ತಿನ ಗುರಿ ಮುಟ್ಟಿದವರಿಗೆ ಮಾತ್ರ ಅಗ್ಗದ ಸಾಲ ಎಂಬ ಶಿಸ್ತನ್ನೂ ಹೇರಿತು. ಪ್ರತಿ ಉದ್ದಿಮೆಗೂ ಸರ್ಕಾರದ ಪರವಾನಗಿ ಬೇಕಿದ್ದ ನಮ್ಮ ‘ಲೈಸೆನ್ಸ್ ರಾಜ್’ ಹೇರದೆ ಹೋದದ್ದು ಆ ಶಿಸ್ತನ್ನು. ಚೀನಾ 1978ರ ನಂತರ ರೈತರಿಂದ ನಿಗದಿತ ಪಾಲನ್ನು ಸರ್ಕಾರದ ಬೆಲೆಗೆ ಪಡೆದು, ಮಿಕ್ಕದ್ದನ್ನು ಪೇಟೆಯಲ್ಲಿ ಮಾರಲು ಬಿಟ್ಟಿತು. ಹೀಗೆ ಎರಡು ಬೆಲೆಗಳನ್ನು ಹಲವು ವರ್ಷ ಜೊತೆಯಲ್ಲೇ ನಡೆಸಿ, ನಿಧಾನವಾಗಿ ಒಂದಾಗಿಸಿ, 2001ರ ಡಿಸೆಂಬರ್‌ನಲ್ಲಷ್ಟೇ ವಿಶ್ವ ವ್ಯಾಪಾರ ಸಂಘಟನೆಯ ಒಳಗೆ ಕಾಲಿಟ್ಟಿತು. ರಷ್ಯಾ 1992ರ ಜನವರಿ 2ರಂದು ಹೆಚ್ಚಿನ ಬೆಲೆಗಳನ್ನೆಲ್ಲ ಒಂದೇ ದಿನ ಸ್ವತಂತ್ರಗೊಳಿಸಿತು. ಆ ವರ್ಷದ ಹಣದುಬ್ಬರ ಶೇ 2,500ರ ಮಟ್ಟಕ್ಕೆ ಹೋಗಿ ಪಿಂಚಣಿದಾರರ ಉಳಿತಾಯವೆಲ್ಲ ಕರಗಿತು, ಗಂಡಸರ ಸರಾಸರಿ ಆಯುಷ್ಯ ಕೆಲವೇ ವರ್ಷಗಳಲ್ಲಿ 60ಕ್ಕಿಂತ ಕೆಳಗಿಳಿಯಿತು. ಚೀನಾ, ರಷ್ಯಾ ಎರಡೂ ಮಾರುಕಟ್ಟೆಯ ಕಡೆಗೇ ಹೊರಟಿದ್ದವು.

ನವ ಉದಾರವಾದದ ಪ್ರಯೋಗಶಾಲೆ ಎನಿಸಿದ ಚಿಲಿಯೂ ಪಠ್ಯಪುಸ್ತಕದಲ್ಲಿದ್ದಂತೆ ನಡೆದುಕೊಂಡಿಲ್ಲ. 1973ರಲ್ಲಿ ಅಧಿಕಾರ ಕಸಿದ ಸೇನಾಧಿಕಾರಿ ಪಿನೋಶೆ ಎಷ್ಟೋ ಉದ್ದಿಮೆಗಳನ್ನು ಖಾಸಗಿಯವರಿಗೆ ಮಾರಿದರೂ, ಅವರಿಗಿಂತ ಮುಂಚಿನ ಅಲ್ಯೆಂದೆ ಸರ್ಕಾರ 1971ರಲ್ಲಿ ರಾಷ್ಟ್ರೀಕರಿಸಿದ್ದ ದೊಡ್ಡ ತಾಮ್ರದ ಗಣಿಗಳನ್ನು ಸರ್ಕಾರದ ಕೈಯಲ್ಲೇ ಉಳಿಸಿಕೊಂಡರು. 1982-83ರಲ್ಲಿ ಬ್ಯಾಂಕುಗಳು ಮುಳುಗಿದಾಗ ಅದೇ ಸರ್ಕಾರ ಅವುಗಳನ್ನು ವಶಕ್ಕೆ ಪಡೆಯಿತು. 1991ರಿಂದ ಕೆಲವು ವರ್ಷ, ಅಲ್ಪಾವಧಿಗೆ ಬಂದು ಓಡಿಹೋಗುವ ವಿದೇಶಿ ಹಣದ ಒಂದು ಪಾಲನ್ನು ಬಡ್ಡಿಯಿಲ್ಲದೆ ಠೇವಣಿ ಇಡಬೇಕೆಂಬ ನಿಯಮ ಅಲ್ಲಿತ್ತು. ಇತ್ತ ಮಲೇಷ್ಯಾ 1998ರ ಸೆಪ್ಟೆಂಬರ್‌ನಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಔಷಧಿ ಬೇಡವೆಂದು, ಬಂಡವಾಳದ ಹೊರಹರಿವನ್ನು ತಡೆದು ಡಾಲರ್‌ಗೆ 3.80 ರಿಂಗಿಟ್ ಎಂದು ಕಟ್ಟಿಹಾಕಿತು. ಆಗ ಛೀಮಾರಿ ಹಾಕಿದವರೇ ಮುಂದೆ ಅದು ಅಂಥ ಅನಾಹುತವನ್ನೇನೂ ಮಾಡಲಿಲ್ಲ ಎಂದು ಒಪ್ಪಿದರು. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿ, 1991ರಿಂದ ಪೆಸೊವನ್ನು ಡಾಲರ್‌ಗೆ ಒಂದಕ್ಕೊಂದು ಗಂಟು ಹಾಕಿಕೊಂಡು, ಮಾದರಿ ಶಿಷ್ಯನೆಂದು ಹೊಗಳಿಸಿಕೊಂಡಿದ್ದ ಅರ್ಜೆಂಟೀನಾ 2001ರ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು.

ಇಷ್ಟೆಲ್ಲ ಊರು ಸುತ್ತಿ ಬಂದದ್ದು ಒಂದು ಮಾತಿಗಾಗಿ. ಬಾಗಿಲನ್ನು ಎಷ್ಟು ತೆರೆದರು ಎಂಬುದಕ್ಕಿಂತ, ಯಾವುದನ್ನು ಮೊದಲು, ಯಾವುದನ್ನು ಆಮೇಲೆ, ಎಷ್ಟು ವರ್ಷಗಳ ಅವಕಾಶ ಕೊಟ್ಟು ತೆರೆದರು, ಆ ನಿಯಮವನ್ನು ಮೊದಲೇ ಸಾರಿ ಹೇಳಿದರೇ ಎಂಬುದರ ಮೇಲೆ ದೇಶಗಳ ಗತಿ ನಿಂತಿದೆ. ಭಾರತದ ಮಟ್ಟಿಗೆ ನಾವು ಈ ಪರೀಕ್ಷೆಯಲ್ಲಿ ಅರ್ಧ ಪಾಸು. 1991ರಲ್ಲಿ ಎರಡು-ಮೂರು ವಾರಗಳ ಆಮದಿಗೆ ಮಾತ್ರ ಸಾಲುವಷ್ಟು ವಿದೇಶಿ ವಿನಿಮಯ ಉಳಿದು, ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನವನ್ನು ಹೊರಗೆ ಕಳುಹಿಸಿ ಅಡವಿಟ್ಟು, ಜುಲೈ ಮೊದಲ ವಾರದಲ್ಲಿ ಎರಡು ಬಾರಿ ರೂಪಾಯಿಯ ಮೌಲ್ಯ ಇಳಿಸಿ, ಜುಲೈ 24ರಂದು ಮನಮೋಹನ್ ಸಿಂಗ್ ಅವರು ಆ ಬಜೆಟ್ ಮಂಡಿಸಿದಾಗ ಬೇರೆ ದಾರಿ ಹೆಚ್ಚೇನೂ ಇರಲಿಲ್ಲ. ಕೈಗಾರಿಕಾ ಸುಂಕಗಳನ್ನು ಹಲವು ವರ್ಷಗಳಲ್ಲಿ ಹಂತಹಂತವಾಗಿ ಇಳಿಸಲಾಯಿತು, ವಿದೇಶಿ ಹಣ ಬಂದುಹೋಗುವ ಬಂಡವಾಳ ಖಾತೆಯನ್ನು ಪೂರ್ತಿ ತೆರೆಯಲಿಲ್ಲ, ಬ್ಯಾಂಕುಗಳ ಬಹುಪಾಲು ಸರ್ಕಾರದ ಕೈಯಲ್ಲೇ ಉಳಿಯಿತು. 1997ರ ಏಷ್ಯಾದ ಹಣಕಾಸು ಬಿಕ್ಕಟ್ಟು ನಮ್ಮನ್ನು ಸವರಿಕೊಂಡು ಹೋದದ್ದಕ್ಕೆ ಇದೂ ಕಾರಣ.

ಆದರೆ ಈ ಎಚ್ಚರಿಕೆ ಒಣಬೇಸಾಯದ ಎರೆ ಹೊಲಕ್ಕೆ ಸಿಗಲಿಲ್ಲ. ಕುಸುಬಿಯನ್ನೇ ತೆಗೆದುಕೊಳ್ಳಿ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅಡುಗೆಗೆ ಕುಸುಬಿ ಎಣ್ಣೆ ಬಿಟ್ಟರೆ ಬೇರೆ ಎಣ್ಣೆ ಗೊತ್ತಿರಲಿಲ್ಲ. ಜೋಳದ ಹೊಲದಲ್ಲಿ ಅಕ್ಕಡಿಯಾಗಿ, ದನ ನುಗ್ಗದಂತೆ ಅಂಚಿನಲ್ಲಿ ಮುಳ್ಳಿನ ಬೇಲಿಯಾಗಿ, ಹಿಂಗಾರಿನ ಇಬ್ಬನಿಯಲ್ಲೇ ಬೆಳೆಯುತ್ತಿದ್ದ ಬೆಳೆ ಅದು. 1986ರಲ್ಲಿ ಆರಂಭವಾದ ಎಣ್ಣೆಕಾಳು ತಂತ್ರಜ್ಞಾನ ಮಿಷನ್‌ನಿಂದ 1990ರ ದಶಕದ ಆರಂಭಕ್ಕೆ ದೇಶ ಖಾದ್ಯ ತೈಲದಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೊಲಿನ್ (ತಾಳೆ ಎಣ್ಣೆ) ಆಮದನ್ನು ಶೇ 65 ಸುಂಕದೊಂದಿಗೆ ಮುಕ್ತಗೊಳಿಸಲಾಯಿತು. 1998ರ ಹೊತ್ತಿಗೆ ಆ ಸುಂಕ ಶೇ 15ಕ್ಕೆ ಇಳಿದಿತ್ತು. ನಾಲ್ಕೇ ವರ್ಷ. ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯ ಮುಂದೆ ಕುಸುಬಿ, ಶೇಂಗಾ, ಸೂರ್ಯಕಾಂತಿಗಳು ಬೆಲೆಯಲ್ಲಿ ನಿಲ್ಲಲಾರದೆ ಹೋದವು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಕುಸುಬಿ ಎಣ್ಣೆ ಈಗ ಬೆಂಗಳೂರಿನ ಸಾವಯವ ಅಂಗಡಿಗಳಲ್ಲಿ ಗಾಣದ ಎಣ್ಣೆ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಸಿಗುತ್ತದೆಯಂತೆ. ವಿಶ್ವ ವ್ಯಾಪಾರ ಒಪ್ಪಂದದಲ್ಲಿ ಭಾರತಕ್ಕೆ ಖಾದ್ಯ ತೈಲದ ಬಹುಪಾಲು ಬಗೆಗಳ ಮೇಲೆ ಇದಕ್ಕಿಂತ ಎಷ್ಟೋ ಹೆಚ್ಚು ಸುಂಕ ಹಾಕುವ ಅವಕಾಶವಿತ್ತು. ಹಾಗಾಗಿ ಕೈ ಕಟ್ಟಿಹಾಕಿದ್ದು ಜಿನಿವಾದ ವಿಶ್ವ ವ್ಯಾಪಾರ ಸಂಘಟನೆ ಎಂದು ಹೇಳುವಂತಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಿಶ್ವ ವ್ಯಾಪಾರ ಒಪ್ಪಂದದ ಕರಡಾಗಿದ್ದ ಡಂಕೆಲ್ ಪ್ರಸ್ತಾವದ ವಿರುದ್ಧ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದಲ್ಲಿ ರಾಜ್ಯ ರೈತ ಸಂಘ ಹೋರಾಡಿದಾಗ, 1992ರ ಡಿಸೆಂಬರ್‌ನಲ್ಲಿ ಅಮೆರಿಕದ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ಕಾರ್ಯಕರ್ತರು ನುಗ್ಗಿದಾಗ, ತರಗತಿಯಲ್ಲಿ ನಾನು ಅದನ್ನು ಭಾವುಕ ಪ್ರತಿಕ್ರಿಯೆ ಎಂದು ತಳ್ಳಿಹಾಕಿದ್ದೆ. ಬೀಜದ ಬಗ್ಗೆ ಅವರ ಆತಂಕ ಹತ್ತಿಯಲ್ಲಿ ಬಹುಮಟ್ಟಿಗೆ ನಿಜವಾಯಿತು. 2002ರಲ್ಲಿ ಕುಲಾಂತರಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಯಾದಗಿರಿ, ಶಹಾಪುರದ ಕಡೆ ಪ್ರತಿ ಮುಂಗಾರಿಗೂ ಬೀಜದ ಪೊಟ್ಟಣ ಕೊಳ್ಳದ ಹತ್ತಿ ರೈತ ಸಿಗುವುದು ಅಪರೂಪ. ತೊಗರಿಯಲ್ಲಿ ಮಾತ್ರ ಹಾಗಾಗಲಿಲ್ಲ. ಟಿಎಸ್-3ಆರ್, ಜಿಆರ್‌ಜಿ-811ರಂತಹ ತಳಿಗಳು ನಮ್ಮ ಕೃಷಿ ಸಂಶೋಧನಾ ಕೇಂದ್ರಗಳಿಂದಲೇ ಬಂದವು, ಬೀಜ ಇನ್ನೂ ರೈತನ ಮನೆಯಲ್ಲಿದೆ. ತೊಗರಿ ರೈತನನ್ನು ಕೆಡವಿದ್ದು ಬಹುರಾಷ್ಟ್ರೀಯ ಕಂಪನಿಯಲ್ಲ, ವಾಣಿಜ್ಯ ಇಲಾಖೆಯ ಒಂದು ಪುಟದ ಅಧಿಸೂಚನೆ. ಅಂದು ಬೀದಿಗಿಳಿದವರಿಗಾಗಲಿ, ತರಗತಿಯಲ್ಲಿ ನಿಂತು ಮೂಗು ಮುರಿದ ನನಗಾಗಲಿ ಅದು ಹೊಳೆದಿರಲಿಲ್ಲ.

ಉದಾರೀಕರಣದಿಂದ ರಾಜ್ಯಕ್ಕೆ ಲಾಭವಾಗಿಲ್ಲವೇ ಎಂದರೆ, ಖಂಡಿತ ಆಗಿದೆ. ಆದರೆ ಬೆಂಗಳೂರು 1991ರಲ್ಲಿ ಖಾಲಿ ಕೈಯಲ್ಲಿ ನಿಂತಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 1909ರಿಂದ ಅಲ್ಲಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಎಲ್ಲವೂ ಸರ್ಕಾರದ ಹಣದಲ್ಲಿ ಎಂಜಿನಿಯರ್‌ಗಳ ಒಂದು ಪೀಳಿಗೆಯನ್ನೇ ಬೆಳೆಸಿದ್ದವು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಹೇಳಿಕೊಳ್ಳಲು ಇದ್ದದ್ದು ಒಂದು ಬಟ್ಟೆ ಗಿರಣಿ, ಶಹಾಬಾದಿನ ಸಿಮೆಂಟು ಮತ್ತು ಫರಸಿ ಕಲ್ಲು. ಆ ಬಟ್ಟೆ ಗಿರಣಿ, ಎಂಎಸ್‌ಕೆ ಮಿಲ್, ಮುಚ್ಚಿ ಈಗ ಬಡಾವಣೆಯ ಹೆಸರಾಗಿ ಉಳಿದಿದೆ. ಹೀಗಾಗಿ ಅದೇ ಉದಾರೀಕರಣ ಬೆಂಗಳೂರಿಗೆ ಕಂಪ್ಯೂಟರ್ ಕೆಲಸ ತಂದಾಗ ಕಲಬುರಗಿಗೆ ಗುಳೆಯ ಟಿಕೆಟ್ ಕೊಟ್ಟಿತು. ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್‌ನ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳನ್ನು ಇಲ್ಲಿನ ರೈಲು ನಿಲ್ದಾಣದಲ್ಲಿ ಇಂದೂ ನೋಡಬಹುದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಈ ಅಂತರವನ್ನು ತಾಲ್ಲೂಕುವಾರು ಅಳೆದು ಕೊಟ್ಟಿತು, ಮುಂದೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. ಅದರಿಂದ ಸೀಟು, ನೌಕರಿ ಸಿಕ್ಕಿವೆ, ನನ್ನ ವಿದ್ಯಾರ್ಥಿಗಳಿಗೇ ಸಿಕ್ಕಿವೆ. ಆಮದು ಸುಂಕದ ಬಗ್ಗೆ ಆ ವಿಧಿ ಏನನ್ನೂ ಮಾಡಲಾರದು.

ಈಗ ಅಮೆರಿಕದ ವಿಷಯಕ್ಕೆ ಮರಳುತ್ತೇನೆ. ಮುಕ್ತ ವ್ಯಾಪಾರದ ಪಾಠವನ್ನು ಲೋಕಕ್ಕೆಲ್ಲ ಹೇಳಿದ ದೇಶವೇ 2022ರಲ್ಲಿ ತನ್ನ ಚಿಪ್ ಕಾರ್ಖಾನೆಗಳಿಗೆ ಕೋಟ್ಯಂತರ ಡಾಲರ್ ಸಹಾಯಧನ ಕೊಡುವ ಕಾನೂನು ಮಾಡಿತು, 2025ರಲ್ಲಿ ಸುಂಕದ ಗೋಡೆ ಕಟ್ಟಿತು. ಅದರ ಹೊಡೆತವನ್ನು ಸಿದ್ಧ ಉಡುಪಿನ ರಫ್ತುದಾರರು ತಾಳಿಕೊಳ್ಳಲೆಂದು ನಮ್ಮ ಸರ್ಕಾರ ಅದೇ ಆಗಸ್ಟ್‌ನಲ್ಲಿ ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕವನ್ನು ಮನ್ನಾ ಮಾಡಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದದ್ದು ಡಿಸೆಂಬರ್ 31ರವರೆಗೆ ಬೆಳೆಯಿತು. ಯಾದಗಿರಿ ಜಿಲ್ಲೆಯಲ್ಲಿ ಹತ್ತಿ ಬಿಡಿಸಿ ಮಾರಾಟಕ್ಕೆ ತರುವ ತಿಂಗಳುಗಳು ಅವೇ. ತಿರುಪ್ಪೂರಿನ ಕಾರ್ಮಿಕನನ್ನು ಉಳಿಸುವುದು ಬೇಡ ಎಂದು ನಾನು ಹೇಳಲಾರೆ, ಅಲ್ಲಿ ದುಡಿಯುವವರಲ್ಲೂ ಬಡವರೇ ಹೆಚ್ಚು. ಆದರೆ ವಾಷಿಂಗ್ಟನ್ ಹಾಕಿದ ದಂಡವನ್ನು ಶಹಾಪುರದ ರೈತ ತೆರುವುದಾದರೆ, ಅವನನ್ನು ಒಂದು ಮಾತು ಕೇಳಬೇಕಿತ್ತು, ಕನಿಷ್ಠ ಬಿತ್ತುವ ಮೊದಲು ಹೇಳಬೇಕಿತ್ತು.

ನನ್ನ ಬೇಡಿಕೆ ದೊಡ್ಡದೇನಲ್ಲ. ತೊಗರಿಯ ಆಮದು ಸುಂಕ ಎಷ್ಟು, ಆಮದಿಗೆ ಮಿತಿ ಇದೆಯೇ, ರಫ್ತಿಗೆ ಅನುಮತಿ ಇದೆಯೇ ಎಂಬುದನ್ನು ಕೇಂದ್ರ ಸರ್ಕಾರ ಮುಂಗಾರು ಬೆಂಬಲ ಬೆಲೆಯ ಜೊತೆಯಲ್ಲೇ, ಒಂದೇ ಪ್ರಕಟಣೆಯಲ್ಲಿ, ಪ್ರತಿ ವರ್ಷ ಮೇ ಕೊನೆಯೊಳಗೆ ತಿಳಿಸಬೇಕು ಮತ್ತು ಮರುವರ್ಷದ ಮಾರ್ಚ್‌ವರೆಗೆ ಅದನ್ನು ಬದಲಿಸಬಾರದು. ಹಡಗಿನಲ್ಲಿ ಬಂದ ತೊಗರಿ ಬಂದರಿನಲ್ಲಿ ಇಳಿಯುವ ಬೆಲೆ ನಮ್ಮ ಬೆಂಬಲ ಬೆಲೆಗಿಂತ ಕಡಿಮೆಯಾದರೆ ಆ ಅಂತರದಷ್ಟು ಸುಂಕ ತಾನಾಗಿಯೇ ಜಾರಿಗೆ ಬರುವಂತೆ, ಬೆಲೆ ಒಂದು ಮಟ್ಟ ಮೀರಿ ಏರಿದರೆ ಸುಂಕ ತಾನಾಗಿಯೇ ಇಳಿಯುವಂತೆ ಸೂತ್ರವನ್ನು ಬರೆದಿಡಬಹುದು. ಇದು ವಿಶ್ವ ವ್ಯಾಪಾರ ಸಂಘಟನೆಯ ನಿಯಮಕ್ಕೆ ವಿರುದ್ಧ ಎಂದು ಅಧಿಕಾರಿಗಳು ಹೇಳಬಹುದು. 2018ರ ಮಾರ್ಚ್‌ನಲ್ಲಿ ಕಡಲೆಯ ಮೇಲೆ ಶೇ 60 ಸುಂಕ ಹಾಕಿದಾಗ ಆ ಸಂಘಟನೆ ಇದ್ದೇ ಇತ್ತು. ಮೊಜಾಂಬಿಕ್, ಮಲಾವಿ, ಮ್ಯಾನ್ಮಾರ್‌ಗಳೊಂದಿಗೆ ಸರ್ಕಾರದಿಂದ ಸರ್ಕಾರಕ್ಕೆ ಆದ ಒಪ್ಪಂದಗಳ ಅವಧಿ 2025-26ರವರೆಗೆ ಎಂದಿತ್ತು. ಅವುಗಳನ್ನು ಹೊಸದಾಗಿ ಬರೆಯುವಾಗ ಅಲ್ಲಿನ ರೈತನಿಗೂ ಇಲ್ಲಿನ ರೈತನಿಗೂ ಪ್ರಮಾಣ ಮತ್ತು ತಿಂಗಳು ಎರಡೂ ಗೊತ್ತಿರುವಂತೆ, ನಮ್ಮ ರಾಶಿಯ ಮೂರು ತಿಂಗಳು ಬಿಟ್ಟು ಮಾಲು ಬರುವಂತೆ ಬರೆಯಲು ಸಾಧ್ಯವಿದೆ.

ಬೇಳೆ ಕೊಳ್ಳುವ ಬಡವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹಮಾಲನೂ ಸಂಜೆ ಬೇಳೆಯನ್ನು ಕೊಂಡೇ ಒಯ್ಯುತ್ತಾನೆ. ಅದಕ್ಕೆ ಉತ್ತರ ಪಡಿತರದಲ್ಲಿ, ಅಂಗನವಾಡಿಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ಬೆಂಬಲ ಬೆಲೆಗೆ ಕೊಂಡ ತೊಗರಿಯ ಬೇಳೆಯನ್ನು ಕೊಡುವುದು, ಆ ಖರ್ಚನ್ನು ಬಜೆಟ್‌ನಲ್ಲಿ ಕಣ್ಣಿಗೆ ಕಾಣುವಂತೆ ತೋರಿಸುವುದು. ಈಗಲೂ ಆ ಸಹಾಯಧನ ಇದ್ದೇ ಇದೆ, ಕುಸಿದ ಧಾರಣೆಯ ರೂಪದಲ್ಲಿ ಅದನ್ನು ರೈತ ಕೊಡುತ್ತಿದ್ದಾನೆ, ಲೆಕ್ಕದಲ್ಲಿ ಮಾತ್ರ ಬರೆದಿಲ್ಲ. ದಾಲ್ ಮಿಲ್ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಸರ್, ಜುಲೈನಿಂದ ನವೆಂಬರ್‌ವರೆಗೆ ಹೊರಗಿನ ಮಾಲು ಬರದಿದ್ದರೆ ನನ್ನ ಮಿಲ್ ತಿರುಗುವುದಿಲ್ಲ, ಕೆಲಸದವರನ್ನು ಮನೆಗೆ ಕಳುಹಿಸಬೇಕಾಗುತ್ತದೆ” ಎಂದ. ಅವನ ಮಾತೂ ಸರಿ. ಹಾಗಾದರೆ ಆಮದು ಆ ತಿಂಗಳುಗಳಲ್ಲೇ ಬರಲಿ; ಅದೂ ಒಡೆದ ಬೇಳೆಯಾಗಿ ಬರದೆ ಇಡೀ ಕಾಳಾಗಿಯೇ ಬರುತ್ತಿರಲಿ. 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಸಿಕ್ಕ ಭೌಗೋಳಿಕ ಗುರುತನ್ನು ನಮ್ಮವರು ಚೀಲದ ಮೇಲೆ ಸರಿಯಾಗಿ ಅಚ್ಚು ಹಾಕುವುದನ್ನೂ ಇನ್ನೂ ಕಲಿತಿಲ್ಲ, ಆ ತಪ್ಪು ದಿಲ್ಲಿಯದಲ್ಲ.

2025ರ ಆಗಸ್ಟ್, ಸೆಪ್ಟೆಂಬರ್‌ನ ಮಳೆ ಮತ್ತು ಭೀಮೆಯ ಪ್ರವಾಹದಿಂದ ಉಳಿದ ತೊಗರಿ ಕಾಯಿ ಕಟ್ಟಿ ನಿಂತಾಗ, ಆ ಸಾಲಿನ ಬೆಂಬಲ ಬೆಲೆ 8,000 ರೂಪಾಯಿ ಎಂದು ಗೊತ್ತಿತ್ತು. 2026ರ ಮಾರ್ಚ್ 31ರ ನಂತರ ಸುಂಕ ಇರುತ್ತದೆಯೋ ಇಲ್ಲವೋ ಗೊತ್ತಿರಲಿಲ್ಲ. ಅಣ್ಣ ಮುಂದಿನ ಮುಂಗಾರಿಗೆ ಅರ್ಧ ಹೊಲಕ್ಕೆ ಸೋಯಾ ಹಾಕೋಣವೇ ಎಂದು ಕೇಳಿದ, ನಾನು ಮೇ ತನಕ ಕಾಯೋಣ ಎಂದೆ. ನಮ್ಮ ಭಾಗದ ಸಂಸದರು ಬಜೆಟ್ ಅಧಿವೇಶನದಲ್ಲಿ ವಾಣಿಜ್ಯ ಸಚಿವರಿಗೆ ಈ ಒಂದು ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತರಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ,
ಕಲಬುರಗಿ